ಕ್ಯಾಮೆರಾ ಒಂದು ಕಂಪನಿಯದು, ಫ್ಲ್ಯಾಶ್ ಇನ್ನೊಂದರದು: ಹೊಂದಿಸಿಕೊಳ್ಳುವುದು ಹೇಗೆ?

ನಿಮ್ಮ ಫ್ಲ್ಯಾಶನ್ನು ಕೈಗೆತ್ತಿಕೊಂಡು ತಲೆಕೆಳಗು ಮಾಡಿ. ಕ್ಯಾಮೆರಾಕ್ಕೆ ಸಿಕ್ಕಿಸುವ ಪಾದದ ನಡುವೆ ಒಂದು ದಪ್ಪ ಪಿನ್ ಕಾಣುತ್ತದೆ. ಅದರ ಆಚೀಚೆ ಸಣ್ಣ ಸಣ್ಣ ಪಿನ್‌ಗಳು ಇರಬಹುದು, ಇಲ್ಲದೆಯೂ ಇರಬಹುದು. ಈಗ ಕ್ಯಾಮೆರಾದ ತಲೆಯ ಮೇಲೆ ಆ ಪಾದ ಕೂರುವ ಜಾಗ, ಅಂದರೆ ಹಾಟ್ ಶೂ ನೋಡಿ. ಅಲ್ಲೂ ನಡುವೆ ಒಂದು ದುಂಡನೆಯ ಲೋಹದ ಚುಕ್ಕಿ, ಅದರ ಹತ್ತಿರ ಕೆಲವು ಪುಟ್ಟ ಚುಕ್ಕಿಗಳು. ನಡುವಿನ ಪಿನ್ ಎಲ್ಲರದು, ಸುತ್ತಲಿನವು ಅವರವರ ಕಂಪನಿಯವು. ಇಷ್ಟು ನೆನಪಿದ್ದರೆ, ಗೆಳೆಯನ ಹತ್ತಿರ ಸಾಲ ತಂದ ಫ್ಲ್ಯಾಶ್ ನಿಮ್ಮ ಕ್ಯಾಮೆರಾದಲ್ಲಿ ಎಷ್ಟು ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ನೀವೇ ಹೇಳಬಹುದು.

ನಡುವಿನ ಪಿನ್‌ನ ಕೆಲಸ ಮನೆಯ ಕಾಲಿಂಗ್ ಬೆಲ್ ಸ್ವಿಚ್ಚಿನಂತೆ. ಶಟರ್ ಪೂರ್ತಿ ತೆರೆದ ಕ್ಷಣಕ್ಕೆ ಕ್ಯಾಮೆರಾ ಈ ಪಿನ್ನನ್ನೂ ಶೂನ ಪಕ್ಕದ ಲೋಹದ ಅಂಚನ್ನೂ ಒಳಗೇ ಜೋಡಿಸುತ್ತದೆ. ಫ್ಲ್ಯಾಶ್ ಬೆಳಗುತ್ತದೆ. ಈ ಅಳತೆ, ಈ ಜೋಡಣೆ ಐಎಸ್‌ಒ 518 ಎಂಬ ಅಂತರರಾಷ್ಟ್ರೀಯ ಮಾನಕದಂತೆ ಇರುತ್ತದೆ. ಕ್ಯಾನನ್, ನಿಕಾನ್, ಪೆಂಟಾಕ್ಸ್, ಫ್ಯೂಜಿಫಿಲ್ಮ್, ಒಲಿಂಪಸ್, ಪ್ಯಾನಾಸೋನಿಕ್, ಈಗಿನ ಸೋನಿ, ಹೆಚ್ಚುಕಮ್ಮಿ ಎಲ್ಲವೂ ಇದನ್ನೇ ಅನುಸರಿಸುತ್ತವೆ.

ಸಣ್ಣ ಪಿನ್‌ಗಳ ಕತೆ ಬೇರೆ. ಎಷ್ಟು ಬೆಳಕು ಬೇಕು, ಲೆನ್ಸ್ ಎಷ್ಟು ಝೂಮ್ ಆಗಿದೆ, ಚಾರ್ಜ್ ಆಯಿತಾ ಎಂಬ ಮಾತುಕತೆಯೆಲ್ಲ ಇವುಗಳ ಮೂಲಕ ನಡೆಯುತ್ತದೆ. ಬೇಕಾದಷ್ಟು ಬೆಳಕನ್ನು ಕ್ಯಾಮೆರಾವೇ ಲೆನ್ಸ್ ಮೂಲಕ ಅಳೆದು ಫ್ಲ್ಯಾಶಿಗೆ ಹೇಳುವ ಪದ್ಧತಿಗೆ ಟಿಟಿಎಲ್ ಅನ್ನುತ್ತಾರೆ. ಕ್ಯಾನನ್‌ನ ಇ-ಟಿಟಿಎಲ್, ನಿಕಾನ್‌ನ ಐ-ಟಿಟಿಎಲ್, ಪೆಂಟಾಕ್ಸ್‌ನ ಪಿ-ಟಿಟಿಎಲ್ ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ. ಪಿನ್‌ಗಳ ಜಾಗವೂ ಬೇರೆ ಬೇರೆ. ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಮಾತ್ರ ಒಂದೇ ಪದ್ಧತಿಯನ್ನು ಹಂಚಿಕೊಂಡಿವೆ. ಒಬ್ಬರ ಫ್ಲ್ಯಾಶ್ ಇನ್ನೊಬ್ಬರ ಕ್ಯಾಮೆರಾದಲ್ಲಿ ಟಿಟಿಎಲ್ ಸಮೇತ ಓಡುತ್ತದೆ.

ಮೊದಲು ನಿಮ್ಮ ಶೂ ಯಾವುದು ನೋಡಿ

ಮೂರು ಕಡೆ ಜನ ಎಡವುತ್ತಾರೆ.

ಒಂದು, ಹಳೆಯ ಮಿನೋಲ್ಟಾ ಮತ್ತು ಸೋನಿ. ಮಿನೋಲ್ಟಾ 1988ರಲ್ಲಿ ತನ್ನದೇ ಆಕಾರದ ಶೂ ತಂದಿತು. 2006ರಲ್ಲಿ ಅದರ ಕ್ಯಾಮೆರಾ ವ್ಯವಹಾರ ಸೋನಿಗೆ ಹೋದಾಗ ಆ ಶೂ ಕೂಡ ಜೊತೆಗೇ ಹೋಯಿತು. 2012ರಲ್ಲಿ ಸೋನಿ ಮಲ್ಟಿ ಇಂಟರ್‌ಫೇಸ್ ಶೂಗೆ ಬದಲಾಯಿತು. ಇದರಲ್ಲಿ ಸಾಮಾನ್ಯ ಫ್ಲ್ಯಾಶ್ ಸಲೀಸಾಗಿ ಕೂರುತ್ತದೆ. ಹಳೆಯ ಸೋನಿ ಫ್ಲ್ಯಾಶನ್ನು ಹೊಸ ಸೋನಿಗೆ ಹಾಕಬೇಕಾದರೆ ಎಡಿಪಿ-ಎಂಎಎ ಎಂಬ ಅಡಾಪ್ಟರ್ ಬೇಕು.

ಎರಡು, ಕ್ಯಾನನ್‌ನ ಕಡಿಮೆ ಬೆಲೆಯ ಕೆಲವು ಕ್ಯಾಮೆರಾಗಳು. ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ. 1500ಡಿ, 3000ಡಿ, 200ಡಿ ಮಾರ್ಕ್ 2 ಇವುಗಳ ಶೂನಲ್ಲಿ ನಡುವಿನ ಚುಕ್ಕಿಯೇ ಇಲ್ಲ. ನಾಲ್ಕು ಸಣ್ಣ ಚುಕ್ಕಿಗಳು ಇರುತ್ತವೆ, ನಡುವೆ ಖಾಲಿ. ಹಾಗಾಗಿ ಒಂದೇ ಪಿನ್ ಇರುವ ಫ್ಲ್ಯಾಶ್ ಅಲ್ಲಿ ಬೆಳಗುವುದಿಲ್ಲ. ಫ್ಲ್ಯಾಶ್ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಓಡಬೇಡಿ. ಈ ಕ್ಯಾಮೆರಾ ಇರುವವರು ಕ್ಯಾನನ್‌ಗೆಂದೇ ಮಾಡಿದ ಫ್ಲ್ಯಾಶ್ ಅಥವಾ ಟ್ರಿಗರ್ (ದೂರದ ಫ್ಲ್ಯಾಶನ್ನು ರೇಡಿಯೊದಿಂದ ಬೆಳಗಿಸುವ ಸಾಧನ) ತೆಗೆದುಕೊಳ್ಳಬೇಕು. ಅದನ್ನೂ ಅಂಗಡಿಯಲ್ಲೇ ನಿಮ್ಮ ಕ್ಯಾಮೆರಾಕ್ಕೆ ಹಾಕಿ, ಎರಡು ಫೋಟೊ ತೆಗೆದು ನೋಡಿಯೇ ದುಡ್ಡು ಕೊಡಿ. ಖರ್ಚಿಲ್ಲದ ಇನ್ನೊಂದು ದಾರಿಯೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೂರು, ಕ್ಯಾನನ್‌ನ ಹೊಸ ಮಿರರ್‌ಲೆಸ್‌ಗಳಲ್ಲಿ ಬಂದಿರುವ ಮಲ್ಟಿ ಫಂಕ್ಷನ್ ಶೂ. ಇದು 2021ರಲ್ಲಿ ಆರ್3 ಕ್ಯಾಮೆರಾದ ಜೊತೆ ಬಂತು. ಹಳೆಯ ಫ್ಲ್ಯಾಶ್‌ಗಳು ಇದಕ್ಕೆ ಕೂರುತ್ತವೆ. ಆದರೆ ಇಎಲ್-5 ಫ್ಲ್ಯಾಶ್ ಈ ಹೊಸ ಶೂ ಇರುವ ಕ್ಯಾಮೆರಾಗೆ ಮಾತ್ರ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹುಷಾರು.

ಹಳೆಯ ಫ್ಲ್ಯಾಶ್ ಆದರೆ ವೋಲ್ಟೇಜ್ ಅಳೆಯದೆ ಹಾಕಲೇಬೇಡಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ನಮ್ಮ ಊರುಗಳ ಸ್ಟುಡಿಯೊಗಳಲ್ಲಿ, ಮನೆಯ ಅಟ್ಟದ ಮೇಲೆ ರೀಲ್ ಕಾಲದ ಫ್ಲ್ಯಾಶ್‌ಗಳು ಇನ್ನೂ ಇವೆ. ಹೊಸ ಸೆಲ್ ಹಾಕಿದರೆ ಕಿರ್ರ್ ಎಂದು ಸದ್ದು ಮಾಡಿ ಚಾರ್ಜ್ ಆಗುತ್ತವೆ. ಬೆಳಕೂ ಜೋರು. ಆದರೆ ಆಗಿನ ಕ್ಯಾಮೆರಾದಲ್ಲಿದ್ದದ್ದು ಲೋಹದ ಸ್ವಿಚ್ಚು. ಈಗಿನದರಲ್ಲಿರುವುದು ನಾಜೂಕಾದ ಎಲೆಕ್ಟ್ರಾನಿಕ್ಸ್. ಹಳೆಯ ವಿವಿಟಾರ್ 283ರಲ್ಲಿ ಪಿನ್ ಮೇಲೆ 200 ವೋಲ್ಟ್ ದಾಟುವ ಪೀಸ್‌ಗಳು ಇವೆ. ಅದೇ ಮಾಡೆಲ್‌ನ ಆಮೇಲಿನ ಪೀಸ್‌ಗಳಲ್ಲಿ ಕಡಿಮೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಅಳೆಯುವುದು ಎರಡು ನಿಮಿಷದ ಕೆಲಸ. ಎಲೆಕ್ಟ್ರಿಷಿಯನ್ ಹತ್ತಿರ ಇರುವ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಮೀಟರನ್ನು ಡಿಸಿ ವೋಲ್ಟ್‌ನ ಅತಿ ದೊಡ್ಡ ರೇಂಜಿಗೆ ಇಡಿ. ಫ್ಲ್ಯಾಶ್ ಕ್ಯಾಮೆರಾದಲ್ಲಿ ಇರಬಾರದು, ಮೇಜಿನ ಮೇಲೆ ಇರಲಿ. ಹೊಸ ಸೆಲ್ ಹಾಕಿ, ರೆಡಿ ದೀಪ ಬಂದ ಮೇಲೂ ಅರ್ಧ ನಿಮಿಷ ಬಿಡಿ. ಕೆಂಪು ಮೊನೆಯನ್ನು ನಡುವಿನ ಪಿನ್ನಿಗೆ ಮುಟ್ಟಿಸಿ, ಕಪ್ಪು ಮೊನೆಯನ್ನು ಪಾದದ ಪಕ್ಕದ ಲೋಹಕ್ಕೆ ಮುಟ್ಟಿಸಿ. ಮೊನೆಗಳು ಒಂದಕ್ಕೊಂದು ತಾಗಿದರೆ ಫ್ಲ್ಯಾಶ್ ಬೆಳಗಿಬಿಡುತ್ತದೆ. ಹಾಗಾಗಿ ಅದರ ಮುಖ ನಿಮ್ಮ ಕಣ್ಣಿನ ಕಡೆ ಇರದಿರಲಿ. ಬೆರಳನ್ನೂ ಪಿನ್ನಿನಿಂದ ದೂರ ಇಡಿ.

10 ವೋಲ್ಟ್‌ಗಿಂತ ಕಡಿಮೆ ಬಂದರೆ ನಿಶ್ಚಿಂತೆ. ಐಎಸ್‌ಒ 10330 ಮಾನಕದ ಲೆಕ್ಕದಲ್ಲಿ ಕ್ಯಾಮೆರಾ 24 ವೋಲ್ಟ್ ತನಕ ತಡೆಯಬೇಕು. ಆದ್ದರಿಂದ 10ರಿಂದ 24ರ ನಡುವೆ ಬಂದರೆ ನಿಮ್ಮ ಕ್ಯಾಮೆರಾದ ಕೈಪಿಡಿ ನೋಡಿ ನಿರ್ಧರಿಸಿ. ನಿಕಾನ್ ಕೈಪಿಡಿಗಳಲ್ಲಿ 250 ವೋಲ್ಟ್ ಮಿತಿ ಅಂತ ಬರೆದಿರುತ್ತದೆ. ಆದರೂ 24 ದಾಟಿದ ಫ್ಲ್ಯಾಶನ್ನು ನಾನು ಯಾವ ಕ್ಯಾಮೆರಾಕ್ಕೂ ಹಾಕುವುದಿಲ್ಲ. ಒಂದು ಹಳೆಯ ಫ್ಲ್ಯಾಶ್ ಉಳಿಸಲು ಹೋಗಿ ಕ್ಯಾಮೆರಾ ಕಳೆದುಕೊಳ್ಳುವುದು ಯಾಕೆ? ಮೀಟರಿನಲ್ಲಿ ಮೈನಸ್ ಗುರುತು ಬಂದರೆ ಧ್ರುವಗಳು ತಿರುಗುಮುರುಗಾಗಿವೆ ಎಂದರ್ಥ. ಅದೂ ಬೇಡ. ಮತ್ತೆ, ಏನೇ ಆದರೂ ಫ್ಲ್ಯಾಶ್ ಬಿಚ್ಚಬೇಡಿ. ಸೆಲ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತದೆ, ಜೀವಕ್ಕೇ ಅಪಾಯ.

ಸಿಕ್ಕಿಸುವಾಗ

ಕ್ಯಾಮೆರಾ, ಫ್ಲ್ಯಾಶ್ ಎರಡೂ ಆಫ್ ಇರಲಿ. ಪಾದವನ್ನು ಶೂಗೆ ನಿಧಾನವಾಗಿ ಜಾರಿಸಿ. ಬಿಗಿಯಾದರೆ ಬಲ ಹಾಕಬೇಡಿ. ಕೆಲವು ಫ್ಲ್ಯಾಶ್‌ಗಳ ಲಾಕ್ ಪಿನ್ ಬೇರೆ ಕಂಪನಿಯ ಶೂನಲ್ಲಿ ಸಿಕ್ಕಿಕೊಳ್ಳುತ್ತದೆ. ಲಾಕ್ ಪೂರ್ತಿ ಸಡಿಲ ಇದೆಯಾ ನೋಡಿಕೊಂಡು ಹಾಕಿ.

ಬೇರೆ ಕಂಪನಿಯ ಫ್ಲ್ಯಾಶ್ ಹಾಕಿದ ಕೂಡಲೇ ಕ್ಯಾಮೆರಾ ವಿಚಿತ್ರವಾಗಿ ವರ್ತಿಸಿದರೆ, ಫ್ಲ್ಯಾಶ್ ತಾನಾಗಿಯೇ ಬೆಳಗಿದರೆ, ಕಾರಣ ಸಾಮಾನ್ಯವಾಗಿ ಸಣ್ಣ ಪಿನ್‌ಗಳು. ಇವರ ಪಿನ್ ಅವರ ಚುಕ್ಕಿಗೆ ತಾಗಿ ಅರ್ಥವಿಲ್ಲದ ಸಂಕೇತ ಹೋಗುತ್ತಿರುತ್ತದೆ. ಇದಕ್ಕೆ ಸುಲಭ ಉಪಾಯ ಇದೆ. ಫ್ಲ್ಯಾಶಿನ ಸಣ್ಣ ಪಿನ್‌ಗಳ ಮೇಲೆ ತೆಳುವಾದ ಇನ್ಸುಲೇಷನ್ ಟೇಪಿನ ಚಿಕ್ಕ ತುಂಡು ಅಂಟಿಸಿ. ನಡುವಿನ ಪಿನ್ನೂ ಪಕ್ಕದ ಲೋಹವೂ ಬರಿದಾಗಿಯೇ ಇರಲಿ. ಕೆಲಸ ಮುಗಿದ ಮೇಲೆ ಟೇಪ್ ತೆಗೆದು, ಅಂಟನ್ನು ಒಣಬಟ್ಟೆಯಿಂದ ಒರೆಸಿ.

ಇನ್ನೊಂದು ಮಾತು. ಫ್ಲ್ಯಾಶಿನ ಮೆನುವಿನಲ್ಲಿ ಸ್ಟ್ಯಾಂಡ್‌ಬೈ ಅಥವಾ ಆಟೊ ಪವರ್ ಆಫ್ ಇದ್ದರೆ ಅದನ್ನು ಬಂದ್ ಮಾಡಿ. ತನ್ನ ಕಂಪನಿಯ ಕ್ಯಾಮೆರಾ ಆದರೆ ಬಟನ್ ಅರ್ಧ ಒತ್ತಿದಾಗ ನಿದ್ದೆಗೆ ಹೋದ ಫ್ಲ್ಯಾಶ್ ಏಳುತ್ತದೆ. ಬೇರೆಯದಾದರೆ ಏಳುವುದಿಲ್ಲ. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಅದು ಮಲಗಿರುತ್ತದೆ!

ಕ್ಯಾಮೆರಾದ ಸೆಟ್ಟಿಂಗ್

ಈಗ ನಿಮ್ಮ ಕ್ಯಾಮೆರಾಕ್ಕೆ ತಲೆಯ ಮೇಲೆ ಫ್ಲ್ಯಾಶ್ ಇದೆ ಎಂಬುದೇ ಗೊತ್ತಿಲ್ಲ. ಅದು ಕತ್ತಲೆ ಕೋಣೆಯೆಂದೇ ಲೆಕ್ಕ ಹಾಕುತ್ತದೆ. ಆಟೊದಲ್ಲಿ ಬಿಟ್ಟರೆ ಐಎಸ್‌ಒ (ಇಲ್ಲಿ ಮಾನಕವಲ್ಲ, ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಏರಿಸಿ, ಶಟರ್ ನಿಧಾನ ಮಾಡಿ, ಮೇಲಿಂದ ಫ್ಲ್ಯಾಶೂ ಬಿದ್ದು ಮುಖಗಳು ಸುಣ್ಣ ಬಳಿದ ಹಾಗೆ ಬರುತ್ತವೆ. ಆದ್ದರಿಂದ ಎಂ (ಮ್ಯಾನುಯಲ್) ಮೋಡ್‌ಗೆ ಹೋಗಿ. ಆಟೊ ಐಎಸ್‌ಒ ತೆಗೆದು 400ಕ್ಕೆ ಇಡಿ. ವೈಟ್ ಬ್ಯಾಲೆನ್ಸನ್ನು ಫ್ಲ್ಯಾಶ್ ಗುರುತಿಗೆ, ಇಲ್ಲವೇ 5500 ಕೆಲ್ವಿನ್‌ಗೆ ಇಡಿ.

ಶಟರ್ ವೇಗವನ್ನು ಸಿಂಕ್ ಮಿತಿಯ (ಫ್ಲ್ಯಾಶ್ ಬೆಳಕು ಇಡೀ ಸೆನ್ಸರಿಗೆ ಬೀಳುವ ಅತಿ ಹೆಚ್ಚಿನ ವೇಗ) ಒಳಗೆ ಇಡುವುದು ಬಹಳ ಮುಖ್ಯ. ಕ್ಯಾನನ್ 1500ಡಿ, ನಿಕಾನ್ ಡಿ5600ರಲ್ಲಿ ಅದು 1/200 ಸೆಕೆಂಡ್. ಸೋನಿ ಎ7 ಮಾರ್ಕ್ 3ರಲ್ಲಿ 1/250. ತನ್ನದೇ ಫ್ಲ್ಯಾಶ್ ಇದ್ದರೆ ಕ್ಯಾಮೆರಾ ಈ ಮಿತಿ ದಾಟಲು ಬಿಡುವುದಿಲ್ಲ. ಪರಕೀಯ ಫ್ಲ್ಯಾಶ್ ಆದರೆ ನೀವು 1/1000 ಇಟ್ಟರೂ ಸುಮ್ಮನಿರುತ್ತದೆ.

ಇದರಿಂದ ನಾನೊಮ್ಮೆ ತುಂಬಾ ನೊಂದಿದ್ದೇನೆ. ಅಕ್ಕನ ಮಗಳ ಮದುವೆ. ಬೆಳಿಗ್ಗೆ ಛತ್ರದ ಹೊರಗೆ ಬಿಸಿಲಲ್ಲಿ ಫೋಟೊ ತೆಗೆದು, ಹಾಗೇ ಒಳಗೆ ಬಂದು ಗೆಳೆಯನ ಫ್ಲ್ಯಾಶ್ ಸಿಕ್ಕಿಸಿಕೊಂಡೆ. ಶಟರ್ 1/400ರಲ್ಲೇ ಉಳಿದಿತ್ತು. ಹುಡುಗ ಬಗ್ಗಿ ಕಾಲುಂಗುರ ತೊಡಿಸುವ ಆ ನಾಲ್ಕು ಫೋಟೊಗಳಲ್ಲಿ ಕೆಳಗಿನ ಮೂರನೇ ಒಂದು ಭಾಗ ಪೂರ್ತಿ ಕಪ್ಪು. ಕಾಲೂ ಇಲ್ಲ, ಉಂಗುರವೂ ಇಲ್ಲ. ಮಿತಿ ದಾಟಿದಾಗ ಶಟರಿನ ಎರಡನೇ ಪರದೆ ಸೆನ್ಸರನ್ನು ಮುಚ್ಚಲು ಶುರು ಮಾಡಿದ ಮೇಲೆ ಫ್ಲ್ಯಾಶ್ ಬೆಳಗುತ್ತದೆ. ಮುಚ್ಚಿದ ಭಾಗಕ್ಕೆ ಬೆಳಕೇ ಬೀಳುವುದಿಲ್ಲ. ಅವತ್ತಿನಿಂದ ಫ್ಲ್ಯಾಶ್ ಕೈಗೆ ತೆಗೆದುಕೊಂಡರೆ ಮೊದಲು ಶಟರ್ ಅನ್ನು 1/160ಕ್ಕೆ ತರುತ್ತೇನೆ, ಆಮೇಲೆ ಉಳಿದದ್ದು. ಅಗ್ಗದ ರೇಡಿಯೊ ಟ್ರಿಗರ್ ಬಳಸಿದರೆ ಸಂಕೇತ ಸ್ವಲ್ಪ ತಡವಾಗಿ ಮುಟ್ಟುವುದರಿಂದ ಆಗಲೂ 1/160 ಒಳ್ಳೆಯದು.

ಮಿರರ್‌ಲೆಸ್ ಇರುವವರಿಗೆ ಇನ್ನೆರಡು ತೊಡಕು. ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್ ಹಾಕಿದ್ದರೆ ಬಹುತೇಕ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಬೆಳಗುವುದಿಲ್ಲ, ಮೆಕ್ಯಾನಿಕಲ್‌ಗೆ ಬದಲಿಸಿ. ಎರಡನೆಯದು, ಎಂ ಮೋಡ್‌ನಲ್ಲಿ ವ್ಯೂಫೈಂಡರ್ ಕಪ್ಪಾಗಿ ಏನೂ ಕಾಣದಿರುವುದು. ಫ್ಲ್ಯಾಶ್ ಇರುವುದು ಕ್ಯಾಮೆರಾಕ್ಕೆ ಗೊತ್ತಿಲ್ಲದ್ದರಿಂದ ಫೋಟೊ ಕತ್ತಲಾಗುತ್ತದೆ ಅಂತ ಅದು ತೋರಿಸುತ್ತಿರುತ್ತದೆ. ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇ ಎಂಬಲ್ಲಿ ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿ. ಕ್ಯಾನನ್‌ನಲ್ಲಿ ಎಕ್ಸ್‌ಪೋಶರ್ ಸಿಮ್ಯುಲೇಶನ್ ಡಿಸೇಬಲ್ ಮಾಡಿ. ಫ್ಯೂಜಿಯಲ್ಲಿ ಮ್ಯಾನುಯಲ್ ಮೋಡ್‌ನ ಎಕ್ಸ್‌ಪೋಶರ್ ಪ್ರಿವ್ಯೂ ಆಫ್ ಮಾಡಿ. ಕೂಡಲೇ ಎಲ್ಲ ಕಾಣುತ್ತದೆ.

ಬೆಳಕಿನ ಲೆಕ್ಕ ಕೈಯಲ್ಲೇ ಹಾಕುವುದು

ಟಿಟಿಎಲ್ ಇಲ್ಲ ಅಂದಕೂಡಲೇ ಜನ ಹೆದರುತ್ತಾರೆ. ಹೆದರಬೇಕಿಲ್ಲ. ಪ್ರತಿ ಫ್ಲ್ಯಾಶಿಗೂ ಗೈಡ್ ನಂಬರ್ ಅಂತ ಒಂದಿರುತ್ತದೆ. ಅದನ್ನು ಎಫ್ ಸಂಖ್ಯೆಯಿಂದ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂಬ ಅಳತೆ) ಭಾಗಿಸಿದರೆ ಬೆಳಕು ಸರಿಯಾಗಿ ಬೀಳುವ ದೂರ ಮೀಟರ್‌ನಲ್ಲಿ ಸಿಗುತ್ತದೆ. ಐಎಸ್‌ಒ 100, ಪೂರ್ತಿ ಪವರ್‌ಗೆ ಈ ಲೆಕ್ಕ.

ನಿಮ್ಮ ಫ್ಲ್ಯಾಶಿನ ಗೈಡ್ ನಂಬರ್ 35 ಎಂಎಂ ಝೂಮ್‌ನಲ್ಲಿ 36 ಅಂತಿಟ್ಟುಕೊಳ್ಳಿ. ಐಎಸ್‌ಒ 400 ಮಾಡಿದರೆ ಅದು ಎರಡರಷ್ಟಾಗಿ 72. ಪವರ್ 1/16ಕ್ಕೆ ಇಳಿಸಿದರೆ ನಾಲ್ಕನೇ ಒಂದು ಭಾಗವಾಗಿ 18. ಲೆನ್ಸ್ ಎಫ್ 5.6ರಲ್ಲಿದ್ದರೆ 18 ಭಾಗಿಸು 5.6, ಅಂದರೆ ಸುಮಾರು 3.2 ಮೀಟರ್. ಆರತಕ್ಷತೆಯ ವೇದಿಕೆಯ ಕೆಳಗೆ ನಿಂತು ಗಂಡು ಹೆಣ್ಣಿನ ಫೋಟೊ ತೆಗೆಯುವ ದೂರ ಹೆಚ್ಚುಕಮ್ಮಿ ಇಷ್ಟೇ ಅಲ್ವಾ? ಒಂದು ಹೆಜ್ಜೆ ಮುಂದೆ ಹೋಗಿ 2.3 ಮೀಟರ್ ಆದರೆ 1/32. ಹಿಂದೆ ಸರಿದು 4.5 ಮೀಟರ್ ಆದರೆ 1/8. ಇಡೀ ಬಳಗ ನಿಂತು 6.4 ಮೀಟರ್ ಆದರೆ 1/4. ಐಎಸ್‌ಒ, ಎಫ್ ಸಂಖ್ಯೆ, ಝೂಮ್ ಮೂರನ್ನೂ ಮುಟ್ಟುವುದೇ ಬೇಡ, ದೂರಕ್ಕೆ ತಕ್ಕ ಹಾಗೆ ಪವರ್ ಒಂದನ್ನೇ ಬದಲಿಸಿ.

ಸೀಲಿಂಗಿಗೆ ಬಡಿದು ಬರುವ ಬೆಳಕು ಬೇಕಾದರೆ ಎರಡು ಮೂರು ಸ್ಟಾಪ್ ಜಾಸ್ತಿ ಪವರ್ ಬೇಕು. ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು. 1/16 ಇದ್ದದ್ದು 1/2ಕ್ಕೆ ಏರಬಹುದು. ಆಗ ಚಾರ್ಜ್ ಆಗಲು ತಡ, ಸೆಲ್ಲೂ ಬೇಗ ಮುಗಿಯುತ್ತದೆ. ಅದರ ಬದಲು ಐಎಸ್‌ಒ 1600 ಮಾಡಿ, 1/8 ಸಾಕಾಗುತ್ತದೆ. ಬಣ್ಣದ ಬಟ್ಟೆ ಕಟ್ಟಿದ ಶಾಮಿಯಾನದಡಿ ಮಾತ್ರ ಮೇಲಕ್ಕೆ ತಿರುಗಿಸಬೇಡಿ. ಕೆಂಪು ಬಟ್ಟೆಯಾದರೆ ಎಲ್ಲರ ಮುಖವೂ ಕೆಂಪು.

ಕೆಲವು ಫ್ಲ್ಯಾಶ್‌ಗಳಲ್ಲಿ 'ಎ' ಎಂಬ ಮೋಡ್ ಇರುತ್ತದೆ. ನಿಕಾನ್ ಎಸ್‌ಬಿ-28ರಲ್ಲಿ ಇದೆ, ರೀಲ್ ಕಾಲದ ಅನೇಕ ಫ್ಲ್ಯಾಶ್‌ಗಳಲ್ಲೂ ಇದೆ. ಫ್ಲ್ಯಾಶಿನ ಮುಖದಲ್ಲಿರುವ ಪುಟ್ಟ ಸೆನ್ಸರ್ ವಾಪಸ್ ಬಂದ ಬೆಳಕನ್ನು ನೋಡಿ, ಸಾಕಾದ ಕೂಡಲೇ ನಿಲ್ಲಿಸುತ್ತದೆ. ಕ್ಯಾಮೆರಾದಲ್ಲಿ ಇಟ್ಟ ಐಎಸ್‌ಒ ಮತ್ತು ಎಫ್ ಸಂಖ್ಯೆಯನ್ನೇ ಫ್ಲ್ಯಾಶಿನಲ್ಲೂ ಇಟ್ಟರೆ ಮುಗಿಯಿತು. ಯಾವ ಕಂಪನಿಯ ಕ್ಯಾಮೆರಾ ಆದರೂ ಇದು ನಡೆಯುತ್ತದೆ. ಓಡಾಡುತ್ತಾ ಫೋಟೊ ತೆಗೆಯುವವರಿಗೆ ಇದಕ್ಕಿಂತ ಸುಖ ಇಲ್ಲ. ನಿಮ್ಮ ಫ್ಲ್ಯಾಶಿನಲ್ಲಿದ್ದರೆ ಖಂಡಿತ ಬಳಸಿ.

ಕ್ಯಾಮೆರಾದಿಂದ ಇಳಿಸಿದರೆ ಕಂಪನಿ ಭೇದವೇ ಕಡಿಮೆ

ಫ್ಲ್ಯಾಶ್ ಸ್ಟ್ಯಾಂಡಿನ ಮೇಲೆ ಹೋದ ಕೂಡಲೇ ವಿಷಯ ಸಲೀಸಾಗುತ್ತದೆ. ಈಗ ಕ್ಯಾಮೆರಾದ ಭಾಷೆ ತಿಳಿಯಬೇಕಾದದ್ದು ಶೂ ಮೇಲಿನ ಟ್ರಿಗರ್‌ಗೆ ಮಾತ್ರ.

ಗೊಡಾಕ್ಸ್ ಎಂಬ ಫ್ಲ್ಯಾಶ್ ಕಂಪನಿಯ ಎಕ್ಸ್ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. ಇದು 2.4 ಗಿಗಾಹರ್ಟ್ಸ್ ರೇಡಿಯೊ. ನಿಮ್ಮ ಹತ್ತಿರ ಕ್ಯಾನನ್‌ಗೆಂದು ಕೊಂಡ ಟಿಟಿ685 ಫ್ಲ್ಯಾಶ್ ಇದೆ, ಈಗ ನಿಕಾನ್ ಕ್ಯಾಮೆರಾ ತೆಗೆದುಕೊಂಡಿದ್ದೀರಿ ಅನ್ನಿ. ಫ್ಲ್ಯಾಶ್ ಮಾರಬೇಕಿಲ್ಲ. ನಿಕಾನ್‌ಗೆ ಮಾಡಿದ ಎಕ್ಸ್‌ಪ್ರೊ ಟ್ರಿಗರ್ ಒಂದನ್ನು ಕೊಂಡರೆ, ಅದೇ ಫ್ಲ್ಯಾಶ್ ಸ್ಟ್ಯಾಂಡಿನ ಮೇಲಿಂದ ಟಿಟಿಎಲ್ ಸಮೇತ, ಸಿಂಕ್ ಮಿತಿ ದಾಟುವ ಎಚ್‌ಎಸ್‌ಎಸ್ ಸಮೇತ ಕೆಲಸ ಮಾಡುತ್ತದೆ. ಅದೇ ಫ್ಲ್ಯಾಶನ್ನು ನೇರವಾಗಿ ನಿಕಾನ್ ತಲೆಯ ಮೇಲೆ ಕೂರಿಸಿದರೆ ಇವೆರಡೂ ಸಿಗುವುದಿಲ್ಲ. ಒಂದೇ ಪಿನ್ನಿನ ಟಿಟಿ600 ಕೂಡ ಹೀಗೆಯೇ. ತಲೆಯ ಮೇಲಿದ್ದಾಗ ಎಚ್‌ಎಸ್‌ಎಸ್ ಇಲ್ಲ, ಟ್ರಿಗರ್ ಮೂಲಕ ಇದೆ. ಈಗ ಮೊದಲ ಫ್ಲ್ಯಾಶ್ ಕೊಳ್ಳುವವರಿಗೆ ನನ್ನ ಸಲಹೆ ಟಿಟಿ600 ಮತ್ತು ನಿಮ್ಮ ಕ್ಯಾಮೆರಾಕ್ಕೆ ಹೊಂದುವ ಟ್ರಿಗರ್. ನಾಳೆ ಕ್ಯಾಮೆರಾ ಬದಲಿಸಿದರೆ ಟ್ರಿಗರ್ ಒಂದನ್ನೇ ಬದಲಿಸಿದರಾಯಿತು.

ಟ್ರಿಗರ್, ಫ್ಲ್ಯಾಶ್ ಎರಡರಲ್ಲೂ ಚಾನೆಲ್ ಒಂದೇ ಇರಬೇಕು, ಐಡಿ ಇಟ್ಟಿದ್ದರೆ ಅದೂ ಒಂದೇ ಇರಬೇಕು. ಮದುವೆಗಳಲ್ಲಿ ಟ್ರೆಡಿಷನಲ್‌ಗೊಬ್ಬರು, ಕ್ಯಾಂಡಿಡ್‌ಗೊಬ್ಬರು ಬೇರೆ ಬೇರೆ ಕಂಪನಿಯ ಕ್ಯಾಮೆರಾ ಹಿಡಿದು ಅದೇ ಲೈಟುಗಳನ್ನು ಬಳಸುವುದುಂಟು. ಸಾಧ್ಯ, ಆದರೆ ಒಬ್ಬರು ಟ್ರಿಗರ್‌ನಲ್ಲಿ ಪವರ್ ಬದಲಿಸಿದರೆ ಇನ್ನೊಬ್ಬರ ಫೋಟೊಗೂ ಅದೇ ಬೆಳಕು. ಮೊದಲೇ ಮಾತಾಡಿಕೊಂಡು, ಪವರ್ ಮುಟ್ಟುವವರು ಒಬ್ಬರೇ ಅಂತ ಗೊತ್ತು ಮಾಡಿಕೊಳ್ಳಿ. ಪಕ್ಕದ ಹಾಲ್‌ನಲ್ಲಿ ಇನ್ನೊಂದು ತಂಡ ಇದ್ದರೆ ಚಾನೆಲ್ ಬದಲಿಸಿ.

ಮೊದಲು ಹೇಳಿದ ಖರ್ಚಿಲ್ಲದ ದಾರಿ ಇದು. ತುಂಬಾ ಫ್ಲ್ಯಾಶ್‌ಗಳಲ್ಲಿ ಎಸ್1, ಎಸ್2 ಎಂಬ ಸ್ಲೇವ್ ಮೋಡ್‌ಗಳಿವೆ. ಇನ್ನೊಂದು ಫ್ಲ್ಯಾಶಿನ ಮಿಂಚು ಕಂಡರೆ ತಾವೂ ಬೆಳಗುತ್ತವೆ. ನಡುವಿನ ಚುಕ್ಕಿ ಇಲ್ಲದ 1500ಡಿಯಲ್ಲೂ ಒಳಗೇ ಒಂದು ಪಾಪ್-ಅಪ್ ಫ್ಲ್ಯಾಶ್ ಇದೆಯಲ್ಲ, ಅದನ್ನು ಎಬ್ಬಿಸಿ. ಬೇರೆ ಕಂಪನಿಯ ಫ್ಲ್ಯಾಶನ್ನು ಪಕ್ಕದಲ್ಲಿ ಎಸ್2ರಲ್ಲಿ ಇಡಿ. ಯಾಕೆ ಎಸ್2 ಅಂದರೆ, ಕ್ಯಾಮೆರಾದ ಫ್ಲ್ಯಾಶ್ ಬೆಳಕು ಅಳೆಯಲು ಮೊದಲೊಂದು ಸಣ್ಣ ಮಿಂಚು ಬಿಡುತ್ತದೆ. ಎಸ್1 ಅದಕ್ಕೇ ಮೋಸಹೋಗಿ ಮೊದಲೇ ಬೆಳಗಿಬಿಡುತ್ತದೆ. ಎಸ್2 ಅದನ್ನು ಬಿಟ್ಟು ನಿಜವಾದ ಮಿಂಚಿಗೆ ಕಾಯುತ್ತದೆ. ಸ್ಲೇವ್ ಸೆನ್ಸರ್ ಕ್ಯಾಮೆರಾ ಕಡೆ ಮುಖ ಮಾಡಿರಲಿ. ಬಿಸಿಲಲ್ಲಿ ಈ ಉಪಾಯ ನೆಚ್ಚಿಕೊಳ್ಳಬೇಡಿ. ನೆಂಟರೆಲ್ಲ ಮೊಬೈಲ್, ಕ್ಯಾಮೆರಾ ಹಿಡಿದು ಫ್ಲ್ಯಾಶ್ ಹೊಡೆಯುವ ಕಡೆಯೂ ಬೇಡ.

ಉಳಿದ ಸಾಮಾನು

ಸ್ಟ್ಯಾಂಡ್, ಕೊಡೆ, ಸಾಫ್ಟ್‌ಬಾಕ್ಸ್‌ಗಳಲ್ಲಿ ಕಂಪನಿ ಗೊಡವೆ ಕಡಿಮೆ. ಸ್ಟ್ಯಾಂಡಿನ ತುದಿ 5/8 ಇಂಚು, ಸ್ಕ್ರೂ 1/4 ಅಥವಾ 3/8 ಇಂಚು. ಸಾಫ್ಟ್‌ಬಾಕ್ಸ್ ಕೊಳ್ಳುವಾಗ ಬೋವೆನ್ಸ್ ಮೌಂಟ್ (ಅದನ್ನು ಸಿಕ್ಕಿಸುವ ಒಂದು ಬಗೆಯ ಜೋಡಣೆ) ಅಂತ ಕೇಳಿ. ಆ ಬ್ರಿಟಿಷ್ ಕಂಪನಿ 2017ರಲ್ಲಿ ಮುಚ್ಚಿತು, ಆದರೆ ಅದರ ಮೌಂಟ್ ಮಾತ್ರ ಎಲ್ಲೆಡೆ ಉಳಿದಿದೆ. ಎಸ್2 ಅಂತ ಒಂದು ಬ್ರ್ಯಾಕೆಟ್ ಸಿಗುತ್ತದೆ, ಮೇಲೆ ಹೇಳಿದ ಸ್ಲೇವ್ ಮೋಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದು ಯಾವ ಕಂಪನಿಯ ಫ್ಲ್ಯಾಶನ್ನೂ ತಲೆಯ ಹತ್ತಿರ ಹಿಡಿದುಕೊಳ್ಳುತ್ತದೆ, ಪಾದದ ಮೇಲೆ ಭಾರ ಬೀಳುವುದಿಲ್ಲ. ಸೆಲ್‌ಗೆ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕರ ಎರಡು ಸೆಟ್ ಇಟ್ಟುಕೊಳ್ಳಿ. ಹಳೆಯದು ಹೊಸದು ಬೆರೆಸಬೇಡಿ. ಕ್ಯಾಮೆರಾದಿಂದ ಟಿಟಿಎಲ್ ಒಯ್ಯುವ ಸುರುಳಿ ಕೇಬಲ್ ಮಾತ್ರ ಅವರವರ ಕಂಪನಿಯದೇ ಆಗಬೇಕು.

ಕೊನೆಗೆ, ಸಮಾರಂಭಕ್ಕೆ ಒಂದು ದಿನ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ರಾತ್ರಿ ಹಾಲ್‌ನ ದೀಪ ಆರಿಸಿ, ಯಾರನ್ನಾದರೂ ಕುರ್ಚಿಯಲ್ಲಿ ಕೂರಿಸಿ. ಟೇಪ್ ಹಿಡಿದು 2.3, 3.2, 4.5 ಮೀಟರ್‌ಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಒಂದೊಂದು ಗೆರೆಯಿಂದಲೂ ಫೋಟೊ ತೆಗೆದು, ಮುಖ ಸರಿಯಾಗಿ ಬಂದ ಪವರ್ ಯಾವುದು ಬರೆದುಕೊಳ್ಳಿ. ಪುಸ್ತಕದ ಲೆಕ್ಕಕ್ಕೂ ನಿಮ್ಮ ಫ್ಲ್ಯಾಶಿಗೂ ಅರ್ಧ ಸ್ಟಾಪ್ ಆಚೀಚೆ ಇದ್ದೇ ಇರುತ್ತದೆ. ಆ ಮೂರು ಸಂಖ್ಯೆಗಳನ್ನು ಒಂದು ಬಿಳಿ ಟೇಪಿನ ಮೇಲೆ ಬರೆದು ಫ್ಲ್ಯಾಶಿನ ಬೆನ್ನಿಗೆ ಅಂಟಿಸಿ. ಅದರ ಮೇಲೆ ದಪ್ಪಗೆ 1/160 ಅಂತಲೂ ಬರೆಯಿರಿ.